ಬಿಳಿಯಾಕಳ ಹೊಳೆ

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಿಂದ ವಾಯವ್ಯಕ್ಕೆ ಸುಮಾರು ಐವತ್ತು ಕಿಲೋಮೀಟರು ದೂರದಲ್ಲಿ ಟ್ರಿಮ್ ಎಂಬ ಪಟ್ಟಣವಿದೆ. ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟದು. ಆದರೂ ಎಂಟುನೂರು ವರ್ಷಗಳ ಹಿಂದೆ ನಾರ್ಮನ್ ಸರದಾರರು ಆ ದೇಶದಲ್ಲಿ ಕಟ್ಟಿಸಿದ ಕೋಟೆಗಳ ಪೈಕಿ ಅತ್ಯಂತ ದೊಡ್ಡದು ಇಲ್ಲಿಯೇ ಇದೆ. ಅದನ್ನು ನೋಡಲೆಂದು ದೂರದೂರದ ಪ್ರವಾಸಿಗರು ಬರುತ್ತಾರೆ. ಡಬ್ಲಿನ್ನಿನಲ್ಲಿರುವ ಮಗಳ ಸಂಸಾರದೊಡನೆ ನಾನು ಹೋದದ್ದೂ ಅದಕ್ಕಾಗಿಯೇ. ಆದರೆ ಮರಳಿ ಬಂದ ಮೇಲೆ ಮನಸ್ಸಿನಲ್ಲಿ ಹೆಚ್ಚಾಗಿ ನಿಂತದ್ದು ಆ ಕೋಟೆಯ ಬುಡದಲ್ಲಿ, ಊರನ್ನು ಎರಡು ಪಾಲು ಮಾಡಿ ಮೆಲ್ಲನೆ ಸಾಗುವ ಬಾಯ್ನ್ ಎಂಬ ಹೊಳೆ.

ಬಾಯ್ನ್ ದೊಡ್ಡ ನದಿಯೇನಲ್ಲ. ಅದರ ಉದ್ದ 112 ಕಿಲೋಮೀಟರು. ಕಿಲ್ಡೇರ್ ಕೌಂಟಿಯ ಕಾರ್ಬರಿ ಎಂಬ ಗ್ರಾಮದ ಸಮೀಪದಲ್ಲಿ ಒಂದು ಬಾವಿಯಿಂದ ಹೊರಟು, ಮೀಥ್ ಕೌಂಟಿಯ ಹುಲ್ಲುಗಾವಲುಗಳ ನಡುವೆ ಈಶಾನ್ಯಾಭಿಮುಖವಾಗಿ ಹರಿಯುತ್ತದೆ. ಟ್ರಿಮ್, ನ್ಯಾವನ್, ಸ್ಲೇನ್ ಊರುಗಳನ್ನು ಹಾಯ್ದು ಡ್ರೊಹೆಡಾ ಪಟ್ಟಣದಾಚೆ ಐರಿಷ್ ಸಮುದ್ರವನ್ನು ಸೇರುತ್ತದೆ. ಮೂವತ್ತು ವರ್ಷ ಕಾಲುವೆ ಕೆಲಸಗಳಲ್ಲಿ ಕಳೆದವನಾದ್ದರಿಂದ ಹರಿಯುವ ನೀರನ್ನು ಕಂಡೊಡನೆ ಅದರ ಅಗಲ ಆಳಗಳನ್ನು ಕಣ್ಣಿನಲ್ಲೇ ಅಳೆಯುವುದು ನನಗೆ ಅಂಟಿದ ಚಾಳಿ. ಟ್ರಿಮ್ ಸೇತುವೆಯ ಮೇಲೆ ನಿಂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ದಂಡೆಗಳು ಎತ್ತರವಾಗಿದ್ದುವು, ನೀರು ತೀರ ತಗ್ಗಿನಲ್ಲಿತ್ತು. ಅಷ್ಟು ನೀರಿಗೆ ಅಷ್ಟು ಆಳವಾದ ಪಾತ್ರ ಬೇಕಾಗಿರಲಿಲ್ಲ. ಅಲ್ಲದೆ ಹೊಳೆ ಹರಿಯುತ್ತಿದ್ದರೂ ಸದ್ದು ಕೇಳಿಸುತ್ತಿರಲಿಲ್ಲ. ಇದರ ಕಾರಣ ಆಗ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ತಿಳಿಯಿತು.

ಹೆಸರಿನ ಹಿನ್ನೆಲೆ

ಈ ಹೊಳೆಯ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಕ್ರಿಸ್ತಶಕ ಎರಡನೆಯ ಶತಮಾನದ ಭೂಗೋಳಜ್ಞನಾದ ಟಾಲೆಮಿ ತನ್ನ ಗ್ರಂಥದಲ್ಲಿ ಇದನ್ನು 'ಬುವಿಂದ' ಎಂದು ಕರೆದಿದ್ದಾನೆ. ಪ್ರಾಚೀನ ಕೆಲ್ಟಿಕ್ ಭಾಷೆಯಲ್ಲಿ 'ಬೊ' ಎಂದರೆ ಆಕಳು, 'ವಿಂದ' ಎಂದರೆ ಬಿಳುಪು. ಬಿಳಿಯ ಆಕಳು ಎಂಬುದೇ ಹೊಳೆಯ ಹೆಸರು. ಸಂಸ್ಕೃತದ 'ಗೌಃ' ಶಬ್ದವೂ ಅವರ 'ಬೊ' ಶಬ್ದವೂ ಒಂದೇ ಬೇರಿನಿಂದ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವೃಷಭ ಎಂಬ ಶಬ್ದದಿಂದ ಬಂದ ಬಸವ ನಾಮವನ್ನು ದಿನವೂ ಸ್ಮರಿಸುವ ನಮಗೆ, ಸಾವಿರಾರು ಮೈಲಿಗಳಾಚೆಯ ಒಂದು ಹೊಳೆ ಆಕಳ ಹೆಸರನ್ನು ಹೊತ್ತಿರುವುದು ಕೇಳಿ ಹಿತವೆನಿಸದೆ ಇರದು.

ಐರಿಷ್ ಪುರಾಣದಲ್ಲಿ ಬೋವನ್ ಎಂಬಾಕೆ ಈ ನದಿಯ ದೇವತೆ. ನೆಕ್ಟನ್ ಎಂಬವನ ಹೆಂಡತಿ. ಆತನ ಒಡೆತನದಲ್ಲಿ ಒಂದು ಗುಪ್ತವಾದ ಬಾವಿಯಿತ್ತು. ಅದರ ಸುತ್ತ ಒಂಬತ್ತು ಹೇಜಲ್ ಮರಗಳು. ಅವುಗಳ ಕಾಯಿಗಳು ನೀರಿಗೆ ಬಿದ್ದರೆ ಬಾವಿಯ ಮೀನುಗಳು ತಿಂದು ಜ್ಞಾನ ಪಡೆಯುತ್ತಿದ್ದುವಂತೆ. ನೆಕ್ಟನ್ ಮತ್ತು ಆತನ ಮೂವರು ಸೇವಕರ ಹೊರತು ಮತ್ತಾರೂ ಅಲ್ಲಿಗೆ ಹೋಗಕೂಡದೆಂಬ ಕಟ್ಟಳೆ ಇತ್ತು. ಬೋವನ್ ಅದನ್ನು ಲೆಕ್ಕಿಸದೆ ಬಾವಿಯನ್ನು ಅಪ್ರದಕ್ಷಿಣವಾಗಿ ಮೂರು ಸುತ್ತು ಹಾಕಿದಳು. ಬಾವಿ ಉಕ್ಕಿತು. ಮೂರು ಅಲೆಗಳು ಎದ್ದು ಬಂದು ಆಕೆಯ ಒಂದು ಕಾಲನ್ನೂ ಒಂದು ಕೈಯನ್ನೂ ಒಂದು ಕಣ್ಣನ್ನೂ ಊನಗೊಳಿಸಿದುವು. ಆಕೆ ಸಮುದ್ರದತ್ತ ಓಡಿದಳು, ನೀರು ಬೆನ್ನಟ್ಟಿತು. ಆಕೆ ಓಡಿದ ದಾರಿಯೇ ಬಾಯ್ನ್ ನದಿಯಾಯಿತು.

ನಡೆಯುತ್ತ ಈ ಕಥೆಯನ್ನು ಹೇಳಿದಾಗ ಎಂಟು ವರ್ಷದ ಮೊಮ್ಮಗಳು ಸುಮ್ಮನಿರಲಿಲ್ಲ. "ಅಜ್ಜಾ, ಆಕೆ ಮಾಡಿದ ತಪ್ಪಾದರೂ ಏನು? ನೀರು ಎಲ್ಲರದೂ ಅಲ್ಲವೇನು?" ಎಂದು ಕೇಳಿದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನೀರನ್ನು ನಾಲ್ವರಿಗಷ್ಟೇ ಮೀಸಲಿಟ್ಟದ್ದು ತಪ್ಪೋ, ಕಟ್ಟಳೆ ಮೀರಿ ಮುಟ್ಟಿದ್ದು ತಪ್ಪೋ ಎಂಬುದನ್ನು ಆ ಕಥೆಯೂ ಬಿಡಿಸಿ ಹೇಳುವುದಿಲ್ಲ. ನದಿ ಹುಟ್ಟುವ ಬಾವಿಗೆ ಮುಂದೆ ಕ್ರೈಸ್ತರು ತ್ರೈಕ್ಯ ಬಾವಿ ಎಂಬ ಹೆಸರಿಟ್ಟರು. ತ್ರೈಕ್ಯದ ಭಾನುವಾರದಂದು ಅಲ್ಲಿಗೆ ಯಾತ್ರೆ ಹೋಗುವ ವಾಡಿಕೆಯೂ ಬೆಳೆಯಿತು. ಹೆಸರು ಬದಲಾದರೂ ನೀರಿನ ಮುಂದೆ ಕೈಮುಗಿಯುವುದು ನಿಲ್ಲಲಿಲ್ಲ.

ಹೊಳೆಯ ಕಾಯಕ

ಟ್ರಿಮ್ ಎಂಬ ಹೆಸರು ಐರಿಷ್ ಭಾಷೆಯ 'ಬಾಲ್ಯ ಆಹ ಟ್ರಿಮ್' ಎಂಬುದರ ಕಡೆಯ ಭಾಗ. ಎಲ್ಡರ್ ಗಿಡಗಳಿದ್ದ, ಹೊಳೆ ದಾಟುವ ತಾವಿನ ಊರು ಎಂದು ಅದರ ಅರ್ಥ. ನೀರು ತೆಳುವಾಗಿ ಹರಿಯುವೆಡೆ ದನಕರುಗಳೊಡನೆ ಕಾಲ್ನಡಿಗೆಯಲ್ಲಿ ದಾಟುವ ಅನುಕೂಲವಿದ್ದುದರಿಂದಲೇ ಇಲ್ಲಿ ಊರು ಹುಟ್ಟಿತು. ಸಂತ ಪ್ಯಾಟ್ರಿಕ್‌ನ ಕಾಲದಲ್ಲಿಯೇ ಇಲ್ಲಿ ಒಂದು ಮಠ ಸ್ಥಾಪನೆಯಾಯಿತೆಂಬುದು ಸ್ಥಳೀಯರ ನಂಬಿಕೆ. 1172ರಲ್ಲಿ ಇಂಗ್ಲೆಂಡಿನ ಅರಸ ಎರಡನೆಯ ಹೆನ್ರಿ ಮೀಥ್ ಪ್ರಾಂತವನ್ನು ಹ್ಯೂ ಡಿ ಲೇಸಿ ಎಂಬ ಸರದಾರನಿಗೆ ಕೊಟ್ಟನು. ಆತ ಮೊದಲು ಕಟ್ಟಿಸಿದ ಮರದ ಕೋಟೆ ಮರುವರ್ಷವೇ ಸುಟ್ಟುಹೋಯಿತು. ಅನಂತರ ಎದ್ದದ್ದು ಈಗ ಕಾಣುವ ಕಲ್ಲಿನ ಕೋಟೆ. ಅದರ ನಡುವಣ ಇಪ್ಪತ್ತು ಮೂಲೆಗಳ ಗೋಪುರದಂಥದು ಬೇರೆಡೆ ಕಾಣುವುದು ವಿರಳ. ಸಭಾಭವನದ ಬುಡದಲ್ಲಿ ನದಿಯ ಕಡೆಗೆ ತೆರೆಯುವ ಒಂದು ಬಾಗಿಲಿದೆ. ದೋಣಿಗಳಲ್ಲಿ ಬಂದ ಸರಕನ್ನು ಅಲ್ಲಿಯೇ ಇಳಿಸಿಕೊಳ್ಳುತ್ತಿದ್ದರು. ಅಂದರೆ ಕೋಟೆಗೆ ಹೊಳೆಯೇ ಕಾವಲು, ಹೊಳೆಯೇ ಹೆದ್ದಾರಿ.

ಶರಣರು ಕಾಯಕದಲ್ಲಿ ಮೇಲು ಕೀಳೆಂಬುದನ್ನು ಒಪ್ಪಲಿಲ್ಲ. ಈ ಹೊಳೆಯೂ ಅಂತೆಯೇ ಎಲ್ಲ ಬಗೆಯ ಕೆಲಸಗಳಿಗೂ ಮೈಯೊಡ್ಡಿತು. ಅಡ್ಡಗಟ್ಟೆಗಳಲ್ಲಿ ನಿಂತು ಬೀಸುವ ಗಿರಣಿಗಳ ಚಕ್ರ ತಿರುಗಿಸಿತು. ಕೆಳಗಣ ಸ್ಲೇನ್ ಊರಿನಲ್ಲಿ 1766ರಲ್ಲಿ ಮುಗಿದ ಐದಂತಸ್ತಿನ ಹಿಟ್ಟಿನ ಗಿರಣಿ ಇಂದಿಗೂ ದಂಡೆಯ ಮೇಲೆ ನಿಂತಿದೆ. ತನ್ನ ಕಾಲಕ್ಕೆ ಅದು ಐರ್ಲೆಂಡಿನಲ್ಲಿಯೇ ದೊಡ್ಡ ಗಿರಣಿಗಳಲ್ಲೊಂದು. ದಂಡೆಯ ಹುಲ್ಲುಗಾವಲುಗಳಿಗೆ ಹೊಳೆ ತೇವವಿತ್ತಿತು; ದನಕರುಗಳಿಗೆ ಕುಡಿಯಲು ನೀರಿತ್ತಿತು.

ಈ ಹೊಳೆಯ ದೋಣಿಯ ವರ್ಣನೆ ಓದಿದಾಗ ನನಗೆ ಅಚ್ಚರಿಯಾಯಿತು. ಹೇಜಲ್ ಗಿಡದ ಕೋಲುಗಳನ್ನು ಬಗ್ಗಿಸಿ ಬುಟ್ಟಿಯಂತೆ ಹೆಣೆದು, ಮೇಲೆ ಎತ್ತಿನ ತೊಗಲನ್ನು ಹೊದಿಸಿ ಮಾಡಿದ ಚಿಕ್ಕ ದೋಣಿ ಅದು. ತುಂಗಭದ್ರೆಯಲ್ಲಿ ನಾವು ಕಂಡ ಹರಿಗೋಲಲ್ಲದೆ ಮತ್ತೇನು! ನಮ್ಮದು ದುಂಡು, ಅವರದು ಕೊಂಚ ಉದ್ದನೆಯದು, ಭೇದ ಅಷ್ಟೇ. ಒಬ್ಬರಿಗೊಬ್ಬರು ಗುರುತಿಲ್ಲದ ಎರಡು ನಾಡುಗಳ ಬಡವರು ಕೈಗೆ ಸಿಕ್ಕ ಕೋಲು ತೊಗಲುಗಳಿಂದ ಒಂದೇ ಉಪಾಯವನ್ನು ಕಂಡುಕೊಂಡಿದ್ದರು. ಬಾಯ್ನ್ ದಂಡೆಯ ಬೆಸ್ತರು ಇಪ್ಪತ್ತನೆಯ ಶತಮಾನದ ಆದಿಭಾಗದವರೆಗೂ ಇಂಥ ಹರಿಗೋಲುಗಳಲ್ಲಿ ಕುಳಿತು ಸಾಲ್ಮನ್ ಮೀನಿಗೆ ಬಲೆ ಹಾಕುತ್ತಿದ್ದರು. ಈಗ ಹರಿಗೋಲು ಕಟ್ಟುವ ವಿದ್ಯೆಯನ್ನು ಆಸಕ್ತರು ಮತ್ತೆ ಕಲಿಯುತ್ತಿದ್ದಾರೆ.

ಮೀನು ಹಿಡಿಯುವ ಮಾತು ನಮ್ಮ ಮನೆಗಳ ಆಚಾರಕ್ಕೆ ಒಗ್ಗುವಂಥದಲ್ಲ. ಆದರೂ ಅಲ್ಲಿಯ ಹಳೆಯ ಕಾನೂನೊಂದನ್ನು ಓದುಗರ ಗಮನಕ್ಕೆ ತರಬೇಕು. ಮೀನು ಹಿಡಿಯಲು ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಲ್ಲಿ ಹೊಳೆಯ ಅಗಲದ ಹತ್ತನೆಯ ಒಂದು ಪಾಲನ್ನು ತೆರವು ಬಿಡಬೇಕೆಂದು 1863ರ ಕಾಯಿದೆ ವಿಧಿಸಿತು. ಆ ಕಿಂಡಿಗೆ 'ರಾಣಿಯ ಕಿಂಡಿ' ಎಂದು ಹೆಸರು. ಅಲ್ಲದೆ ಶನಿವಾರ ಮುಂಜಾನೆಯಿಂದ ಸೋಮವಾರ ಮುಂಜಾನೆಯವರೆಗೆ ಬಲೆಗಳನ್ನು ಎತ್ತಿಡಬೇಕಿತ್ತು. ಒಡ್ಡಿನ ಒಡೆಯನಿಗೆ ಇದರಿಂದ ನಷ್ಟವೇ. ಆದರೆ ಮೀನು ಮೇಲಕ್ಕೆ ಹೋಗಬೇಕು. ಮೇಲಿನ ಊರಿನವರಿಗೂ ಸಿಗಬೇಕು. ಮುಂದಿನ ವರ್ಷಕ್ಕೂ ಉಳಿಯಬೇಕು. ಒಬ್ಬನ ಉಪಯೋಗ ಇನ್ನೊಬ್ಬನ ಉಪಯೋಗವನ್ನು ನುಂಗದಂತೆ ಬಿಟ್ಟ ಕಿಂಡಿ ಅದು.

ದಂಡೆಯ ಧರ್ಮಶಾಲೆ

ಕೋಟೆಯ ಎದುರುದಂಡೆಗೆ ಹೋದರೆ ಹಳದಿ ಗೋಪುರ ಎಂಬ ಎತ್ತರವಾದ ಒಡಕು ಗೋಡೆ ಕಾಣುತ್ತದೆ. ಸಂಜೆಯ ಬಿಸಿಲಿಗೆ ಅದರ ಕಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. 1368ರಲ್ಲಿ ಎದ್ದ ಈ ಗೋಪುರ ಮೇರಿಮಾತೆಯ ಮಠಕ್ಕೆ ಸೇರಿದುದು. ಅಲ್ಲಿದ್ದ ಮಾತೆಯ ವಿಗ್ರಹ ರೋಗಗಳನ್ನು ವಾಸಿಮಾಡುತ್ತದೆಂಬ ನಂಬಿಕೆಯಿಂದ ದೇಶದ ನಾನಾ ಭಾಗಗಳಿಂದ ಯಾತ್ರಿಕರು ಬರುತ್ತಿದ್ದರು. 1530ರ ದಶಕದಲ್ಲಿ, ಎಂಟನೆಯ ಹೆನ್ರಿಯ ಆಳಿಕೆಯಲ್ಲಿ, ಆ ವಿಗ್ರಹವನ್ನು ಸುಟ್ಟುಹಾಕಿದರು. ಮಠವೂ ಮುಚ್ಚಿತು.

ಅದರ ಪಕ್ಕದಲ್ಲಿಯೇ ಟಾಲ್ಬಟ್ ಕೋಟೆಯೆಂಬ ಹಳೆಯ ಮನೆಯಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲೊಂದು ಶಾಲೆ ನಡೆಯುತ್ತಿತ್ತು. ಗಣಿತಶಾಸ್ತ್ರಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಮೂರರ ಎಳವೆಯಲ್ಲಿ ಚಿಕ್ಕಪ್ಪನ ಆಶ್ರಯಕ್ಕೆ ಬಂದು ಬೆಳೆದದ್ದು ಇಲ್ಲಿಯೇ. ಹುಡುಗ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಸೇರಲೆಂಬ ಆಸೆಯಿಂದ ಹಿರಿಯರು ಆತನಿಗೆ ಪಾರಸಿ, ಅರಬ್ಬಿ ಭಾಷೆಗಳೊಡನೆ ಸಂಸ್ಕೃತವನ್ನೂ ಕಲಿಸಿದರು. ಊರಿನ ಇನ್ನೊಂದೆಡೆ 1817ರಲ್ಲಿ ನಿಲ್ಲಿಸಿದ ಒಂದು ಕಂಬವಿದೆ. ಅದರ ತುದಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಪ್ರತಿಮೆ. ಟ್ರಿಮ್ ಸಮೀಪದ ಡಂಗನ್ ಆತನ ಮನೆತನದ ನೆಲೆ. 1790ರಿಂದ ಆತ ಐರ್ಲೆಂಡಿನ ಪಾರ್ಲಿಮೆಂಟಿನಲ್ಲಿ ಟ್ರಿಮ್ ಕ್ಷೇತ್ರದ ಪ್ರತಿನಿಧಿಯಾಗಿದ್ದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿ, ಟಿಪ್ಪುವಿನ ಪತನದ ನಂತರ ಆ ಪಟ್ಟಣದ ಆಡಳಿತವನ್ನು ವಹಿಸಿಕೊಂಡವನು ಈತನೇ. ಬಾಯ್ನ್ ದಂಡೆಯಿಂದ ಹೊರಟವನು ಕಾವೇರಿಯ ನಡುಗಡ್ಡೆಯನ್ನು ಆಳಿದ. ಕಂಬದ ಕೆಳಗೆ ನಿಂತ ಕನ್ನಡಿಗನ ಮನಸ್ಸಿನಲ್ಲಿ ಅಭಿಮಾನವೂ ಅಲ್ಲದ, ದ್ವೇಷವೂ ಅಲ್ಲದ ಒಂದು ಭಾವ ಸುಳಿದು ಹೋಗುತ್ತದೆ.

ಅಲ್ಲಿಂದ ಹೊಳೆಯ ದಂಡೆಗುಂಟ ಹಳೆಯ ಗದ್ದೆಬಯಲನ್ನು ಹಾಯ್ದು ಅರ್ಧ ಗಂಟೆ ನಡೆದರೆ ನ್ಯೂಟೌನ್ ಎಂಬ ಸ್ಥಳ ಸಿಗುತ್ತದೆ. ಹೆಸರು ಹೊಸ ಊರೆಂದಿದ್ದರೂ ಅಲ್ಲಿರುವುದು ಪಾಳು ಗೋಡೆಗಳು. 1206ರಲ್ಲಿ ಸ್ಥಾಪನೆಯಾದ ದೊಡ್ಡ ಚರ್ಚಿನ ಅವಶೇಷ ಒಂದು ದಂಡೆಯಲ್ಲಿ; ಹಳೆಯ ಸೇತುವೆಯಾಚೆ ಸಂತ ಯೋಹಾನನ ಹೆಸರಿನ ಮಠ ಮತ್ತು ಆಸ್ಪತ್ರೆಯ ಅವಶೇಷ ಇನ್ನೊಂದು ದಂಡೆಯಲ್ಲಿ. ಹದಿಮೂರನೆಯ ಶತಮಾನದಲ್ಲಿ ಅಲ್ಲಿಯ ಸಂನ್ಯಾಸಿಗಳು ರೋಗಿಗಳ ಆರೈಕೆಯನ್ನೇ ತಮ್ಮ ವ್ರತವಾಗಿ ಸ್ವೀಕರಿಸಿದ್ದರು. ಗಾಯ ತೊಳೆಯಲು, ಬಟ್ಟೆ ಒಗೆಯಲು, ಗಂಜಿ ಬೇಯಿಸಲು ನೀರು ಹತ್ತಿರವಿರಬೇಕು. ಆಸ್ಪತ್ರೆ ಹೊಳೆಯ ದಂಡೆಯಲ್ಲಿ ನಿಂತದ್ದು ಉಚಿತವೇ ಆಗಿತ್ತು. ಅವರ ಶಾಸ್ತ್ರ ಬೇರೆ, ನಮ್ಮ ಶಾಸ್ತ್ರ ಬೇರೆ. ಆದರೆ ಆ ಗೋಡೆಗಳ ನಡುವೆ ನಿಂತಾಗ ದಾಸೋಹ ಎಂಬ ಶಬ್ದವಲ್ಲದೆ ಬೇರೊಂದು ಶಬ್ದ ನನ್ನ ನಾಲಗೆಗೆ ಬರಲಿಲ್ಲ.

ಚರ್ಚಿನ ಪಾಳಿನೊಳಗೆ ಹದಿನಾರನೆಯ ಶತಮಾನದ ದಂಪತಿಗಳ ಸಮಾಧಿಯೊಂದಿದೆ. ಮಲಗಿರುವ ಗಂಡ ಹೆಂಡಿರ ಶಿಲಾಮೂರ್ತಿಗಳ ನಡುವೆ ಒಂದು ಕತ್ತಿ. ಅದರಿಂದ ಜನ ಅವರನ್ನು ಹೊಟ್ಟೆಕಿಚ್ಚಿನ ಗಂಡ ಹೆಂಡತಿ ಎಂದು ಕರೆಯುತ್ತಾರೆ. ಆ ಮೂರ್ತಿಗಳ ನಡುವೆ ನಿಂತ ಮಳೆನೀರು ಹಚ್ಚಿದರೆ ನರುಲಿ ಉದುರುತ್ತದೆಂಬ ನಂಬಿಕೆಯಿದೆ. ಮೈಯ ನರುಲಿಗೆ ತಗುಲಿಸಿದ ಗುಂಡುಸೂಜಿಯನ್ನು ಅಲ್ಲಿ ಬಿಟ್ಟುಹೋಗುವುದು ಪದ್ಧತಿ. ಸೂಜಿ ತುಕ್ಕು ಹಿಡಿದಂತೆ ನರುಲಿಯೂ ಮಾಯವಾಗುವುದಂತೆ. ಅಲ್ಲಿ ತುಕ್ಕು ಹಿಡಿದ ಎಷ್ಟೋ ಸೂಜಿಗಳನ್ನು ಕಂಡೆವು. ಮನುಷ್ಯನ ಮನಸ್ಸು ಎಲ್ಲೆಡೆಯೂ ಒಂದೇ ಎಂದುಕೊಂಡು ಮುಂದೆ ನಡೆದೆವು.

ಸದ್ದಡಗಿದ ಬಗೆ

ಹಿಂದಿರುಗುವ ಹಾದಿಯಲ್ಲಿ ದಂಡೆಯ ಬೆಂಚಿನ ಮೇಲೆ ಗಾಳದ ಕೋಲನ್ನು ಪಕ್ಕಕ್ಕಿಟ್ಟು ಕುಳಿತಿದ್ದ ಒಬ್ಬ ವೃದ್ಧರು ಮಾತಿಗೆ ಸಿಕ್ಕರು. ಹೊಳೆ ಇಷ್ಟು ತಗ್ಗಿನಲ್ಲಿ ಏಕೆ ಹರಿಯುತ್ತಿದೆಯೆಂದು ಅಳಿಯನ ಮೂಲಕ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಹುಡುಗರಾಗಿದ್ದಾಗ ರಾತ್ರಿ ಮಲಗಿದರೆ ಹೊಳೆಯ ದನಿ ಕೇಳುತ್ತಿತ್ತೆಂದೂ, ಈಗ ನೀರು ಅದೇ ಆದರೂ ದನಿ ಹೋಯಿತೆಂದೂ ಹೇಳಿದರು.

ಅದರ ಹಿಂದಿನ ವೃತ್ತಾಂತ ಹೀಗೆ. ಮೀಥ್ ಸಮತಟ್ಟಾದ ನಾಡು. ಹೊಳೆಯ ಉಗಮದ ಕಡೆಯೆಲ್ಲ ಜೌಗು. ಮಳೆ ಹೆಚ್ಚಾದರೆ ದಂಡೆಯ ಹೊಲಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು. ರೈತರ ಗೋಳನ್ನು ಪರಿಹರಿಸಲು ಸರ್ಕಾರ 1945ರಲ್ಲಿ ಒಂದು ಕಾಯಿದೆ ಮಾಡಿ, ದೇಶದ ನದಿಗಳನ್ನು ಒಂದೊಂದಾಗಿ ಆಳಗೊಳಿಸುವ ಕೆಲಸ ಕೈಗೊಂಡಿತು. ಬಾಯ್ನ್ ನದಿಯ ಸರದಿ 1969ರಲ್ಲಿ ಬಂದಿತು. 1980ರ ದಶಕದ ಮಧ್ಯದವರೆಗೆ ಯಂತ್ರಗಳು ನದಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಇಳಿದು ದುಡಿದುವು. ತಳದ ಉರುಟುಗಲ್ಲು, ಬಂಡೆ, ಮರಳುಗಳನ್ನು ಬಾಚಿ ದಂಡೆಗೆ ಹಾಕಿದುವು, ತಿರುವುಗಳನ್ನು ತಿದ್ದಿದುವು. ಪಾತ್ರ ಆಳವಾಯಿತು, ಹೊಲಗಳ ನೀರು ಬಸಿಯಿತು. ರೈತರಿಗೆ ಹುಲ್ಲು ಹುಲುಸಾಯಿತು. ಯೋಜನೆ ತಾನು ಹೇಳಿದ್ದನ್ನು ಮಾಡಿ ತೋರಿಸಿತು.

ಆದರೆ ತೆಗೆದುಹಾಕಿದ ಆ ಕಲ್ಲುಗಳು ನಿರುಪಯುಕ್ತವಾಗಿರಲಿಲ್ಲ. ಸಾಲ್ಮನ್ ಮೀನು ಹುಟ್ಟುವುದು ಸಿಹಿನೀರಿನಲ್ಲಿ, ಬೆಳೆಯುವುದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ. ಬಲಿತ ಮೇಲೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಸಾವಿರಾರು ಮೈಲಿ ಈಜಿ ಬರುತ್ತದೆ. ಚಳಿಗಾಲದಲ್ಲಿ ಹೆಣ್ಣುಮೀನು ಬಾಲದಿಂದ ಉರುಟುಗಲ್ಲುಗಳನ್ನು ಕೆದರಿ, ಗುಳಿ ಮಾಡಿ, ಅದರಲ್ಲಿ ಮೊಟ್ಟೆಯಿಟ್ಟು ಮೇಲೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿನಲ್ಲಿ ತಂಪಾದ ಶುದ್ಧ ನೀರು ಹರಿಯುತ್ತಿದ್ದರೆ ಮಾತ್ರ ಮರಿಗೆ ಉಸಿರು. ಆ ಕಲ್ಲುಗಳೇ ಇಲ್ಲವಾದರೆ ಬಂದ ಬಸುರಿಗೆ ತವರಿನಲ್ಲಿ ಹೆರಿಗೆಯ ಕೋಣೆಯೇ ಇಲ್ಲದಂತಾಯಿತು. ನೀರು ಕಲ್ಲುಗಳ ಮೇಲೆ ಪುಟಿದು ಗಾಳಿಯನ್ನು ಕುಡಿಯುವುದೂ ನಿಂತಿತು. ಆ ಪುಟಿತದ ಸದ್ದೇ ವೃದ್ಧರು ಹೇಳಿದ ದನಿ. ಫಿನ್ ಎಂಬ ವೀರನು ಬಾಲ್ಯದಲ್ಲಿ ಜ್ಞಾನದ ಸಾಲ್ಮನ್ನಿನ ರುಚಿ ಕಂಡು ಸರ್ವಜ್ಞನಾದನೆಂಬ ಐರಿಷ್ ಕಥೆ ನಡೆದದ್ದು ಇದೇ ಹೊಳೆಯ ದಂಡೆಯಲ್ಲಿ. ಅಂಥ ಹೊಳೆಯಲ್ಲಿಯೇ ಸಾಲ್ಮನ್ ಕಡಿಮೆಯಾಯಿತು.

ಇದನ್ನು ಕೇಳುತ್ತಿದ್ದಂತೆ ನನಗೆ ನನ್ನ ಹಳೆಯ ಕೆಲಸವೊಂದು ನೆನಪಾಗಿ ತಲೆ ತಗ್ಗಿತು. ಸೇವೆಗೆ ಸೇರಿದ ಹೊಸತರಲ್ಲಿ ನಮ್ಮ ಕಡೆಯ ಒಂದು ಹಳ್ಳವನ್ನು ನೇರಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಕುಡೊಂಕಾಗಿ ಹರಿಯುತ್ತಿದ್ದ ಹಳ್ಳದಿಂದ ಹೊಲ ಕೊರೆಯುತ್ತದೆಂದು ಜನ ದೂರಿದ್ದರು. ನಾನು ದಾರ ಹಿಡಿದು ಗೆರೆ ಎಳೆದೆ. ಹಳ್ಳ ಗೆರೆಯಂತೆ ಹರಿಯಿತು. ಜನ ಹಾರ ಹಾಕಿದರು. ಐದಾರು ವರ್ಷಗಳ ಬಳಿಕ ಆ ದಾರಿಯಲ್ಲಿ ಹೋದಾಗ ಒಬ್ಬ ಮುದುಕಿ ನನ್ನನ್ನು ಗುರುತಿಸಿ, "ಎಪ್ಪಾ, ಹಳ್ಳ ನೆಟ್ಟಗ ಮಾಡಿದಿ, ಖರೆ. ನೀರು ನಿಲ್ಲವಲ್ದು, ಬಾವಿ ಬತ್ತಿತು" ಎಂದಳು. ಮಡುಗಳಲ್ಲಿ ನಿಂತು ನೆಲಕ್ಕಿಳಿಯುತ್ತಿದ್ದ ನೀರು ಒಂದೇ ಓಟಕ್ಕೆ ಓಡಿಹೋಗುತ್ತಿತ್ತು. ನಾನು ಆಗ ಏನೋ ಸಮಾಧಾನ ಹೇಳಿ ಜೀಪು ಹತ್ತಿದೆ. ಆ ಮಾತಿಗೆ ಉತ್ತರ ಕೊಟ್ಟಿರಲಿಲ್ಲವೆಂಬುದು ಬಾಯ್ನ್ ದಂಡೆಯ ಬೆಂಚಿನ ಮೇಲೆ ಕುಳಿತಾಗ ಅರಿವಾಯಿತು.

ನೀರನ್ನು ಉಪಯೋಗಿಸುವುದು ದೋಷವಲ್ಲ. ಗಿರಣಿಯವನು ಉಪಯೋಗಿಸಿದ, ಬೆಸ್ತ ಉಪಯೋಗಿಸಿದ, ಆಸ್ಪತ್ರೆಯ ಸಂನ್ಯಾಸಿಗಳು ಉಪಯೋಗಿಸಿದರು. ಎಂಟುನೂರು ವರ್ಷ ಹೊಳೆ ಎಲ್ಲರಿಗೂ ಒದಗಿತು. ಒಬ್ಬರ ಉಪಯೋಗಕ್ಕೆಂದು ಉಳಿದೆಲ್ಲರ ಕಿಂಡಿಯನ್ನು ಮುಚ್ಚಿದಾಗಲೇ ಅದು ಮೂಕವಾಯಿತು. ನಾನು ಹಳ್ಳಕ್ಕೆ ಮಾಡಿದ್ದೂ ಅದನ್ನೇ.

ಇಂದಿನ ಬಾಯ್ನ್

ಅಲ್ಲಿಯವರು ಕೈಕಟ್ಟಿ ಕುಳಿತಿಲ್ಲವೆಂಬುದು ಸಮಾಧಾನದ ಸಂಗತಿ. ಯೋಜನೆ ಮುಗಿದ ಮೇಲೆ ಮೀನುಗಾರಿಕೆಯ ತಜ್ಞರೂ, ಹೊಳೆಯನ್ನು ಆಳಗೊಳಿಸಿದ ಇಲಾಖೆಯೂ ಕೂಡಿ ಉಪನದಿಗಳಲ್ಲಿ ಮತ್ತೆ ಕಲ್ಲು ತುಂಬುವ ಪ್ರಯೋಗಕ್ಕೆ ತೊಡಗಿದರು. ಬಂಡೆಗಳನ್ನಿಟ್ಟು ಪ್ರವಾಹವನ್ನು ಕಿರಿದುಮಾಡುವುದು, ಉರುಟುಗಲ್ಲು ಹರಡುವುದು, ಅಲ್ಲಲ್ಲಿ ಮಡು ತೋಡುವುದು ಅವರ ಕ್ರಮ. ಹಾಗೆ ಮಾಡಿದ ಕಡೆ ಮೀನಿನ ಮರಿಗಳು ಮತ್ತೆ ಕಾಣಿಸಿಕೊಂಡುವು. ತೆಗೆದವರೇ ತಂದು ಹಾಕಿದರು ಎಂಬ ಮಾತು ನನಗೆ ಬಹಳ ಹಿಡಿಸಿತು. ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ, ಹೊತ್ತು ತಂದು ತುಂಬಿಕೊಡುವುದು ಬೇರೆ.

ಟ್ರಿಮ್ ಪಟ್ಟಣಕ್ಕೆ ಕುಡಿಯುವ ನೀರು ಇಂದಿಗೂ ಈ ಹೊಳೆಯದೇ; ಕೆಳಗೆ ಡ್ರೊಹೆಡಾ ಪಟ್ಟಣಕ್ಕೂ ಇದರ ನೀರನ್ನೇ ಎತ್ತಿ ಶುದ್ಧಿಮಾಡಿ ಕೊಡುತ್ತಾರೆ. ಅದರೊಡನೆ ಊರುಗಳು ಶುದ್ಧಿಮಾಡಿ ಬಿಟ್ಟ ಮಲಿನ ನೀರನ್ನೂ ಇದೇ ಹೊಳೆ ಹೊರಬೇಕು. ಹೊಲಗಳ ರಸಗೊಬ್ಬರ, ದೊಡ್ಡಿಗಳ ಗಂಜಲಗಳ ಅಂಶ ಮಳೆಯೊಡನೆ ಸೇರುತ್ತಿರುವುದು ಅಲ್ಲಿಯವರ ಇಂದಿನ ಚಿಂತೆ. ಐರ್ಲೆಂಡಿನ ನದಿ, ಸರೋವರ ಮೊದಲಾದ ಜಲರಾಶಿಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವುವು ಅರ್ಧದಷ್ಟು ಮಾತ್ರ ಎಂದು ಅಲ್ಲಿಯ ಪರಿಸರ ಸಂಸ್ಥೆಯೇ ಹೇಳುತ್ತದೆ. ಹಸಿರು ದೇಶವೆಂದು ಹೆಸರಾದ ನಾಡಿನ ಮಾತು ಇದು. ಆಕಳ ಹೆಸರಿನ ಹೊಳೆಗೆ ಆಕಳ ದೊಡ್ಡಿಯಿಂದಲೇ ಕಷ್ಟ ಬಂದದ್ದು ವಿಚಿತ್ರವಾದರೂ ನಿಜ.

ಇಷ್ಟಾದರೂ ಸಂಜೆಯ ಟ್ರಿಮ್ ನೋಡಲು ಬಲು ಚೆಂದ. ಕೋಟೆಯ ಕೆಳಗೆ ಹಂಸಗಳು ತೇಲುತ್ತಿದ್ದುವು. ಹುಡುಗರು ಚಿಕ್ಕ ದೋಣಿಗಳಲ್ಲಿ ಹುಟ್ಟು ಹಾಕುತ್ತಿದ್ದರು. ತಾಯಂದಿರು ಮಕ್ಕಳ ಗಾಡಿಗಳನ್ನು ತಳ್ಳುತ್ತ ದಂಡೆಯಲ್ಲಿ ನಡೆಯುತ್ತಿದ್ದರು. ಹದಿನಾಲ್ಕನೆಯ ಶತಮಾನದ್ದೆಂದು ಹೇಳುವ ನಾಲ್ಕು ಕಮಾನುಗಳ ಸೇತುವೆಯ ಮೇಲೆ ಇಂದಿನ ವಾಹನಗಳು ಸಾಲಾಗಿ ದಾಟುತ್ತಿದ್ದುವು. ಗಿರಣಿಯೂ ಬಲೆಯೂ ಹೋದರೂ ಹೊಳೆಯ ಕಾಯಕ ನಿಂತಿಲ್ಲ. ದಣಿದವರ ಮನಸ್ಸನ್ನು ತಣಿಸುವ ಕೆಲಸ ಈಗ ಅದರ ಪಾಲಿಗೆ ಬಂದಿದೆ.

ಮಾರ್ದನಿ

ಹೊರಡುವ ಮುನ್ನ ಮೊಮ್ಮಗಳಿಗಾಗಿ ಮಾರ್ದನಿಯ ಬಾಗಿಲು ಎಂಬಲ್ಲಿಗೆ ಹೋದೆವು. ಅದು ಒಂದು ಸಾಧಾರಣ ಹೊಲದ ಗೇಟು. ಅಲ್ಲಿ ನಿಂತು ಹೊಳೆಯಾಚೆಯ ನ್ಯೂಟೌನ್ 'ಪಾಳುಗಳ ಕಡೆ ಕೂಗಿದರೆ ಆ ಗೋಡೆಗಳು ನಮ್ಮ ಮಾತನ್ನು ಸ್ಪಷ್ಟವಾಗಿ ಹಿಂದಿರುಗಿಸುತ್ತವೆ. ಮಕ್ಕಳೆಲ್ಲ ತಮ್ಮ ತಮ್ಮ ಹೆಸರು ಕೂಗಿ ನಗುತ್ತಿದ್ದರು. ನಮ್ಮ ಹುಡುಗಿ ಕ್ಷಣಕಾಲ ಯೋಚಿಸಿದಳು. ಮನೆಯಲ್ಲಿ ಪೂಜೆಯ ಹೊತ್ತಿಗೆ ನಿತ್ಯ ಕೇಳುವ ಹೆಸರೇ ಬಾಯಿಗೆ ಬಂತೆಂದು ತೋರುತ್ತದೆ. "ಬಸವಾ" ಎಂದು ಕೂಗಿದಳು.

ಬಿಳಿಯಾಕಳ ಹೊಳೆಯ ಮೇಲಿಂದ ಆ ಹೆಸರು ತೇಲಿ ಹೋಗಿ, ರೋಗಿಗಳನ್ನು ಸಲಹಿದ ಮಠದ ನೆರೆಯ ಗೋಡೆಗಳನ್ನು ತಟ್ಟಿ, ನಮ್ಮ ಬಳಿಗೆ ಮರಳಿತು. ಮಗಳು ತಟ್ಟನೆ ಕೈಜೋಡಿಸಿದಳು. ನಾನೂ ಕೈಜೋಡಿಸಿದೆ.

ನಾವು ಕೂಗಿದ್ದನ್ನೇ ಗೋಡೆ ಮರಳಿ ಕೊಡುತ್ತದೆ. ನಾವು ಕೊಟ್ಟದ್ದನ್ನೇ ಹೊಳೆಯೂ ಮರಳಿ ಕೊಡುತ್ತದೆ. ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಆ ಹಳ್ಳದ ಊರಿಗೆ ಹೋಗಿ ಬಂದದ್ದು. ಮುದುಕಿ ಈಗಿಲ್ಲ, ಬತ್ತಿದ ಬಾವಿ ಇದೆ. ಹಳ್ಳಕ್ಕೆ ಅಡ್ಡಲಾಗಿ ಕಲ್ಲು ಜೋಡಿಸಿ ಅಲ್ಲಲ್ಲಿ ನೀರು ನಿಲ್ಲಿಸಲು ಊರ ಯುವಕರು ಒಪ್ಪಿದ್ದಾರೆ. ಗೆರೆ ಎಳೆದ ಕೈಯೇ ಕಲ್ಲು ಹೊರಬೇಕೆಂದು ನಾನೂ ಅವರೊಡನೆ ಹೋಗುತ್ತಿದ್ದೇನೆ. ಬಾವಿಗೆ ನೀರು ಬರುವುದೋ ಇಲ್ಲವೋ ಮುಂದಿನ ಮಳೆಗಾಲ ಹೇಳಬೇಕು.